ಏಳನೇ ಸಾಲಿನ ಗಾಳಿ

ಒರಿಂಕುಲ್ ಯಾರ ಮನೆಗೆ ಹೋದರೂ ಮೊದಲು ಹೊಸಿಲು ದಾಟಿ, ನೆಲದ ಮೇಲೆ ಕಾಲೂರಿ, ಸಣ್ಣಗೆ ಒಮ್ಮೆ ಕುಣಿದು ನೋಡುತ್ತಿದ್ದಳು. ಹಲಗೆ ಕಿರ್ ಎಂದಿತೋ, ಆ ಮನೆಯ ಚಹಾ ಅವಳಿಗೆ ರುಚಿಸುತ್ತಿರಲಿಲ್ಲ. ಇದು ಐವತ್ತೆಂಟನೆಯ ವಯಸ್ಸಿನಲ್ಲಿ ಹತ್ತಿದ ಹುಚ್ಚು. ಅದಕ್ಕೂ ಮುಂಚೆ ಇಪ್ಪತ್ತೆರಡು ವರ್ಷ ಅವಳು ಕಜಾಕ್ ನಾಡಿನ ಕರಗಂದಾದ ಕಲ್ಲಿದ್ದಲ ಗಣಿಯೊಂದರಲ್ಲಿ ಗಾಳಿ ಅಳೆಯುವ ಕೆಲಸ ಮಾಡಿದ್ದಳು. ಯಾವ ಸುರಂಗದಲ್ಲಿ ಗಾಳಿ ಓಡುತ್ತಿದೆ, ಯಾವುದರಲ್ಲಿ ಸೋಮಾರಿಯಂತೆ ನಿಂತುಬಿಟ್ಟಿದೆ ಎಂದು ಬರೀ ಕೆನ್ನೆಯಿಂದ ಹೇಳಬಲ್ಲವಳು. ಗಣಿ ಮುಚ್ಚಿದ ಮೇಲೆ ಮೂರು ವರ್ಷ ಮನೆಯಲ್ಲಿ ಕೂತು ಅತ್ತೆಯ ಜೊತೆ ಟಿ.ವಿ. ಧಾರಾವಾಹಿ ನೋಡಿದಳು. ಅತ್ತೆ ಕುಲ್ಯಾಶ್‌ಗೆ ಎಂಬತ್ತೆರಡು. ಧಾರಾವಾಹಿಯ ಸೊಸೆಯನ್ನು ಬೈಯುವಾಗ ಪಕ್ಕದಲ್ಲಿ ಕೂತ ಸೊಸೆಗೆ ಬೇಜಾರಾಗದಿರಲೆಂದು ಅವಳನ್ನೂ ಸೇರಿಸಿ ಬೈಯುತ್ತಿದ್ದಳು ಮುದುಕಿ.

ಅಷ್ಟರಲ್ಲಿ ಊರಾಚೆಯ ಹಳೆಯ ಉಣ್ಣೆ ಕಾರ್ಖಾನೆಯನ್ನು ಡೇಟಾ ಸೆಂಟರ್ ಮಾಡುವುದೆಂದಾಯಿತು. ಅಲ್ಲಿಗೆ ನೆಲದ ಮೇಲೊಂದು ನೆಲ ಬೇಕಿತ್ತು. ಮೊಳಕಾಲೆತ್ತರದ ಉಕ್ಕಿನ ಕಾಲುಗಳು, ಅವುಗಳ ಮೇಲೆ ಅಡ್ಡಪಟ್ಟಿ, ಪಟ್ಟಿಗಳ ಮೇಲೆ ಚೌಕದ ಹಲಗೆ. ಕೆಳಗಿನ ಪೊಳ್ಳಿನಲ್ಲಿ ತಣ್ಣನೆಯ ಗಾಳಿ ಹರಿದು, ಅಲ್ಲಲ್ಲಿ ಕೂರಿಸಿದ ಜಾಲರಿ ಹಲಗೆಗಳಿಂದ ಮೇಲೆದ್ದು ಕಂಪ್ಯೂಟರುಗಳ ಸಾಲನ್ನು ತಂಪಾಗಿಡಬೇಕು. ಎರಡು ಸಾವಿರದ ನಾನೂರು ಕಾಲುಗಳು. ಒಂದೊಂದರ ನಟ್ಟನ್ನೂ ಒರಿಂಕುಲ್ ತನ್ನ ಕೈಯಾರೆ ತಿರುಗಿಸಿ, ರಸಮಟ್ಟ ಇಟ್ಟು, ಕೂದಲೆಳೆಯಷ್ಟೂ ಏರುಪೇರಿಲ್ಲದಂತೆ ನಿಲ್ಲಿಸಿದ್ದಳು. ದಿನವಿಡೀ ಹೊಟ್ಟೆಯಡಿಯಾಗಿ ಮಲಗಿ ಮಾಡುವ ಈ ಕೆಲಸ ಅವಳಿಗೆ ಎಷ್ಟು ಹಿಡಿಸಿತೆಂದರೆ, ಸಂಜೆ ಮನೆಗೆ ಹೊರಡುವಾಗ ಮುಖ ಸಪ್ಪಗಾಗುತ್ತಿತ್ತು.

ಸೆಂಟರಿಗೆ ಕಾಯಂ ಆಗಿ ನೆಲ ನೋಡಿಕೊಳ್ಳುವ ಒಬ್ಬರು ಬೇಕು, ಅದು ಒರಿಂಕುಲ್‌ಗೇ ಎಂದು ಇಪ್ಪತ್ತೊಂಬತ್ತರ ಇಂಜಿನಿಯರ್ ಎರ್ಸಯಿನ್ ಮಾತು ಕೊಟ್ಟಿದ್ದ. ಆದರೆ ಮೊದಲು ಪರೀಕ್ಷೆ ಗೆಲ್ಲಬೇಕು. ಕಂಪ್ಯೂಟರುಗಳ ಜಾಗದಲ್ಲಿ ಶಾಖದ ಪೆಟ್ಟಿಗೆಗಳನ್ನಿಟ್ಟು ಒಂದು ತಾಸು ಉರಿಸುತ್ತಾರೆ. ಯಾವ ಸಾಲಿನಲ್ಲೂ ಬಿಸಿ ಇಪ್ಪತ್ತೇಳು ಡಿಗ್ರಿ ದಾಟಬಾರದು. ದಾಟಿದರೆ ಇಡೀ ತಂಡಕ್ಕೆ ಗೇಟ್‌ಪಾಸ್, ಒರಿಂಕುಲ್‌ಗೆ ಮತ್ತೆ ಧಾರಾವಾಹಿ.

ಅವಳ ಕೆನ್ನೆಗೆ ಗೊತ್ತಿತ್ತು, ಏಳನೇ ಸಾಲು ಸೋಲುತ್ತದೆ ಎಂದು.

"ಎರ್ಸಯಿನ್, ಏಳನೇ ಸಾಲಿಗೆ ಗಾಳಿ ಬರ್ತಿಲ್ಲ ಕಣಪ್ಪಾ. ಕೆಳಗೆ ಏನೋ ಅಡ್ಡ ನಿಂತಿದೆ."

"ಅಪ್ಕೆ, ನಕ್ಷೆ ನೋಡಿ, ಎಲ್ಲಾ ಕಡೆ ನೀಲಿ ಇದೆ. ಗಾಳಿ ಹರೀತಿದೆ." ವಯಸ್ಸಿನಲ್ಲಿ ದೊಡ್ಡವಳೆಂದು ಅವನು ಅವಳನ್ನು ಅಪ್ಕೆ, ಅಂದರೆ ಅಕ್ಕಾ, ಎನ್ನುತ್ತಿದ್ದ.

"ನಿನ್ನ ನಕ್ಷೆಗೆ ಕೆನ್ನೆ ಇದೆಯೇನೋ?"

ಮೂರು ಸಲ ಹೇಳಿದಳು. ಮೂರು ಸಲವೂ ಅವನು ಪರದೆ ತೋರಿಸಿದ. ನೆಲವನ್ನು ಗುಡಿಸಿ ಮೊಹರು ಹಾಕಿ ಆಗಿತ್ತು. ತಪಾಸಣೆಯವರ ಅಪ್ಪಣೆಯಿಲ್ಲದೆ ಒಂದು ಹಲಗೆಯನ್ನೂ ಎತ್ತುವಂತಿರಲಿಲ್ಲ.

ಪರೀಕ್ಷೆಯ ದಿನ ಅಸ್ತಾನಾದಿಂದ ಮಾರ್ಲೆನ್ ಎಂಬ ತಪಾಸಣೆಯವನು ಬಂದ. ನಗು ಎಂಬುದನ್ನು ಊರಲ್ಲೇ ಬಿಟ್ಟು ಬಂದಂತಹ ಮುಖ, ಬೂಟಿನ ಮೇಲೆ ಧೂಳು ತಡೆಯುವ ಬಿಳಿ ಚೀಲ. ಆದರೆ ಹೊಸ ಮನೆಯಾಗಲಿ, ಹೊಸ ಸೊಸೆಯಾಗಲಿ, ಹೊಸ ಡೇಟಾ ಸೆಂಟರ್ ಆಗಲಿ, ಶಶು ಎರಚದೆ ಶುರು ಮಾಡುವುದುಂಟೇ? ಶುಭಕ್ಕೆ ಮಿಠಾಯಿ ಎರಚಲು ಹಿರಿಯ ಹೆಂಗಸೊಬ್ಬಳು ಬೇಕು. ಕಾರ್ಖಾನೆಯ ಸುತ್ತಮುತ್ತ ಕುಲ್ಯಾಶ್‌ಗಿಂತ ಹಿರಿಯರಿರಲಿಲ್ಲ, ಅವಳಷ್ಟು ದೂರ ಎಸೆಯುವವರಂತೂ ಇಡೀ ಊರಲ್ಲಿರಲಿಲ್ಲ. ಮದುವೆಯೊಂದರಲ್ಲಿ ಅವಳೆಸೆದ ಮಿಠಾಯಿ ಪಕ್ಕದ ಬೀದಿಯಲ್ಲಿ ಸಿಕ್ಕಿತ್ತು.

ಮುದುಕಿ ಮಡಿಲು ತುಂಬ ಮಿಠಾಯಿ, ಕುರ್ತ್ ಎಂಬ ಒಣ ಮೊಸರಿನ ಉಂಡೆ ತುಂಬಿಕೊಂಡು ನಡುವೆ ನಿಂತಳು. "ಈ ಮನೆ ತಣ್ಣಗಿರ್ಲಿ!" ಎಂದು ಕೂಗಿ ತೋಳು ಬೀಸಿದಳು.

ಮೊದಲ ಕುರ್ತ್ ಮಾರ್ಲೆನ್‌ನ ಕನ್ನಡಕಕ್ಕೆ ಬಡಿಯಿತು. ಮಿಕ್ಕಿದ್ದು ಏಳೂ ಸಾಲಿನ ಮೇಲೆ ಆಲಿಕಲ್ಲಿನಂತೆ ಸುರಿಯಿತು. ಹೆಂಗಸರು ಕಿರುಚಿ ಮುಗಿಬಿದ್ದರು. ಎಲೆಕ್ಟ್ರಿಷಿಯನ್ನರು ಮೊಣಕಾಲೂರಿದರು. ಎರ್ಸಯಿನ್ ಕೂಡ ಟೈ ಸಮೇತ ನೆಲಕ್ಕಿಳಿದ. ಆದರೆ ಅರ್ಧಕ್ಕರ್ಧ ಮಿಠಾಯಿ ಜಾಲರಿಯ ಸಂದಿಯಲ್ಲಿ ಟಣ್ ಟಣ್ ಎಂದು ಕೆಳಗಿಳಿದು ಮಾಯವಾಯಿತು! ಸಿಕ್ಕಿದವರು ಅಲ್ಲೇ ಬಿಚ್ಚಿ ಬಾಯಿಗೆ ಹಾಕಿಕೊಂಡರು, ಕಾಗದ ಕೈಜಾರಿತು. ಅಷ್ಟೇ ಸಾಕು, ಜಾಲರಿಯಿಂದ ಎದ್ದ ಗಾಳಿ ಬಣ್ಣದ ಕಾಗದಗಳನ್ನೆಲ್ಲ ಮೇಲಕ್ಕೆಸೆದು ಕುಣಿಸತೊಡಗಿತು. ಹೆಂಗಸರ ಲಂಗ ಉಬ್ಬಿತು, ಯಾರದೋ ಟೋಪಿ ಹಾರಿತು, ನಗು ತಡೆಯಲಾರದೆ ಒಬ್ಬ ಶಾಖದ ಪೆಟ್ಟಿಗೆಯನ್ನು ತಬ್ಬಿಕೊಂಡ.

ಒರಿಂಕುಲ್ ಮಾತ್ರ ನಗಲಿಲ್ಲ. ಆರು ಸಾಲಿನ ಮೇಲೆ ಕಾಗದ ಕುಣಿಯುತ್ತಿತ್ತು. ಏಳನೆಯದರ ಮೇಲೆ ಬಿದ್ದಲ್ಲೇ ಬಿದ್ದಿತ್ತು. ಮಾರ್ಲೆನ್ ಕನ್ನಡಕ ಒರೆಸುತ್ತ ಅತ್ತಲೇ ನೋಡುತ್ತಿದ್ದ.

"ಮುಗೀತಲ್ಲ, ಪೆಟ್ಟಿಗೆ ಹಚ್ಚಿ" ಎಂದ ಮಾರ್ಲೆನ್.

"ಎಲ್ಲಿ ಮುಗೀತು?" ಕುಲ್ಯಾಶ್ ಸೊಂಟಕ್ಕೆ ಕೈಯಿಟ್ಟಳು. "ಶಶು ನೆಲದಡಿ ಬಿಟ್ಟು ಹೋಗೋಕಾಗುತ್ತೇನೋ ಮಗಾ? ನಿನ್ನ ಮದುವೇಲಿ ನಿಮ್ಮಜ್ಜಿ ಬಿಟ್ಟಿದ್ಲಾ?"

"ಅಜೆ, ನೆಲಕ್ಕೆ ಮೊಹರು ಹಾಕಿದೆ..."

"ಹಾಕಿದ ಕೈಲೇ ತೆಗಿ!"

ಮಾರ್ಲೆನ್ ಸುತ್ತ ನೋಡಿದ. ಮೂವತ್ತು ಮುಖಗಳು ಅವನನ್ನೇ ನೋಡುತ್ತಿದ್ದವು. ಅವನೂ ಕಜಾಕ್ ಮನೆಯವನೇ ತಾನೆ. "ಒಂದೊಂದೇ ಹಲಗೆ. ಎತ್ತೋದು ಈಕೆ ಮಾತ್ರ" ಎಂದು ಒರಿಂಕುಲ್ ಕಡೆ ಬೆರಳು ತೋರಿಸಿದ.

ಒರಿಂಕುಲ್ ಹಲಗೆಗೆ ಕಚ್ಚಿಸಿ ಎತ್ತುವ ರಬ್ಬರಿನ ಹಿಡಿ ತೆಗೆದುಕೊಂಡು ನೆಟ್ಟಗೆ ಏಳನೇ ಸಾಲಿನತ್ತ ಓಡಿದಳು.

"ಅಲ್ಲಿ ಬೇಡ ಬಿಡೇ!" ಕುಲ್ಯಾಶ್‌ಳ ದನಿ ಒಮ್ಮೆಲೇ ಇಳಿಯಿತು. "ಅಲ್ಲೇನೂ ಬಿದ್ದಿಲ್ಲ. ಒಂದನೇ ಸಾಲಿಂದ ತೆಗಿ."

"ಅಪಾ, ನೀವೇ ಎಸೆದಿದ್ದು, ಹಿಡಿ ತುಂಬ ಬಿದ್ದಿದೆ" ಎಂದಳು ಸೊಸೆ ಅತ್ತೆಗೆ.

"ಹಳೇ ಮಿಠಾಯಿ ಕಣೇ, ಹೋಗ್ಲಿ."

ಹಲಗೆ ಎದ್ದಿತು. ಅಡಿಯಲ್ಲಿ, ಕಾರ್ಖಾನೆಯ ಎರಡು ದಪ್ಪ ಕಂಬಗಳ ನಡುವೆ ಏಳನೇ ಸಾಲಿಗೆ ಗಾಳಿ ಬರುವ ಒಂದೇ ಒಂದು ಸಂದಿ. ಆ ಸಂದಿಗೆ ಅಡ್ಡಲಾಗಿ ಮಡಿಸಿದ ದಪ್ಪ ಕೌದಿಯೊಂದನ್ನು ಉಕ್ಕಿನ ಕಾಲುಗಳಿಗೆ ಹಗ್ಗದಿಂದ ಬಿಗಿದು ಕಟ್ಟಿತ್ತು. ಅಕ್ಕಪಕ್ಕದ ಸಂದುಗೊಂದುಗಳಿಗೆ ಹತ್ತಿ, ಹಳೆಯ ಪತ್ರಿಕೆ ತುರುಕಿತ್ತು, ಚಳಿಗಾಲಕ್ಕೆ ಮುಂಚೆ ಮನೆಮನೆಯ ಕಿಟಕಿಗೆ ತುರುಕುವ ಹಾಗೆಯೇ. ಕೌದಿಯ ನಡುವಿನ ಕೆಂಪು ತುಂಡು ಒರಿಂಕುಲ್‌ಳ ಮದುವೆಯ ಲಂಗದ್ದು.

"ಯಾರದ್ದಿದು?" ಮಾರ್ಲೆನ್ ಕೇಳಿದ.

ತನ್ನ ಮನೆಯ ಕೌದಿ. ನಿಜ ಹೇಳಿದರೆ ಕೆಲಸ ಹೋಯಿತು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ನಂದು" ಎನ್ನಲು ಒರಿಂಕುಲ್ ಬಾಯಿ ತೆರೆದಳು.

"ನಂದು ಕಣಪ್ಪಾ" ಎಂದಳು ಕುಲ್ಯಾಶ್. "ಅಕ್ಟೋಬರ್‌ನಲ್ಲಿ ಊಟ ತಂದಿದ್ದೆ. ನೋಡಿದ್ರೆ ಇವಳು ಇಲ್ಲಿ ಬರೀ ಸಿಮೆಂಟಿನ ಮೇಲೆ ಬೋರಲು ಬಿದ್ದಿದ್ಲು, ಆ ದರಿದ್ರ ಸಂದಿಯಿಂದ ಸೊಂಟಕ್ಕೇ ಗಾಳಿ ಹೊಡೀತಿತ್ತು. ಹೆಣ್ಣುಮಗಳ ಸೊಂಟಕ್ಕೆ ಹಾಗೆ ಗಾಳಿ ಬಿಡ್ತಾರೇನೋ? ನಾನೂ ಹತ್ತು ಸಲ ಹೇಳ್ದೆ, ಇವಳು ಕೇಳ್ಲಿಲ್ಲ. ಮರುದಿನ ಕೌದಿ ತಂದು, ಇವಳು ಆ ಸಾಲಿನ ಕಾಲೆಲ್ಲ ನಿಲ್ಲಿಸಿ ಚಹಾಕ್ಕೆ ಎದ್ದು ಹೋದಾಗ ಕಟ್ಟಿಬಿಟ್ಟೆ, ಇವಳು ಬರೋದ್ರೊಳಗೆ ಹುಡುಗರು ಹಲಗೆ ಮುಚ್ಚಿದ್ರು. ಸೊಂಟ ಬಿದ್ದೋದ್ರೆ ನಂಗೆ ಯಾರಿದ್ದಾರೆ?"

ಮಾರ್ಲೆನ್ ಎರ್ಸಯಿನ್ ಕಡೆ ತಿರುಗಿದ. "ಕೆಳಗೆ ಅಡ್ಡ ಇದೆ ಅಂತ ಯಾರಿಗೂ ಗೊತ್ತಾಗ್ಲಿಲ್ವಾ?"

ಹುಡುಗ ಕೆಂಪಾದ. ಆದರೂ ನಿಜ ಹೇಳಿದ. "ಅಪ್ಕೆಗೆ ಗೊತ್ತಾಗಿತ್ತು. ಮೂರು ಸಲ ಹೇಳಿದ್ರು. ನಾನೇ ಕೇಳ್ಲಿಲ್ಲ."

"ಯಾವ ಯಂತ್ರದಿಂದ ಗೊತ್ತಾಯ್ತು?"

"ಕೆನ್ನೆಯಿಂದ" ಎಂದಳು ಒರಿಂಕುಲ್.

ಮಾರ್ಲೆನ್ ತುಟಿ ಕಚ್ಚಿ ಹಿಡಿದ, ಆಗಲಿಲ್ಲ, ಗೊಳ್ಳೆಂದು ನಕ್ಕುಬಿಟ್ಟ. ಕೌದಿ ಹೊರಗೆಳೆದದ್ದೇ ತಡ, ಗಾಳಿ ಹುಯ್ಯೆಂದು ನುಗ್ಗಿ ಏಳನೇ ಸಾಲಿನ ಕಾಗದಗಳೂ ಎದ್ದು ಕುಣಿದವು. ಹಗ್ಗ ಬಿಗಿದಿದ್ದ ಎರಡು ಕಾಲುಗಳು ಒಂದಿಷ್ಟು ವಾಲಿದ್ದವು. "ಅವನ್ನ ಸರಿಮಾಡಿ, ಆಮೇಲೆ ಶುರು" ಎಂದ.

ಒರಿಂಕುಲ್ ಹೊಟ್ಟೆಯಡಿಯಾಗಿ ಮಲಗಿ ತೋಳುಗಳನ್ನು ನೆಲದಡಿಗೆ ಇಳಿಸಿದಳು. ನಟ್ಟು ತಿರುಗಿಸಿ, ರಸಮಟ್ಟ ನೋಡಿ, ಹಲಗೆ ಕೂರಿಸಿದಳು. ಪೆಟ್ಟಿಗೆಗಳು ಗುಂಯ್‌ಗುಟ್ಟಿ ಕಾಯತೊಡಗಿದವು. ಅವಳು ಏಳದೆ ಅಲ್ಲೇ ಜಾಲರಿಗೆ ಕೆನ್ನೆಯೊಡ್ಡಿ ಮಲಗಿದಳು. ಆಗ ಸೊಂಟದ ಮೇಲೆ ಏನೋ ಬೆಚ್ಚಗೆ ಕೂತಂತಾಯಿತು. ಕುಲ್ಯಾಶ್ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಎರಡೂ ಅಂಗೈಗಳನ್ನು ಸೊಸೆಯ ಸೊಂಟಕ್ಕೆ ಒತ್ತಿ ಹಿಡಿದಿದ್ದಳು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಈ ಕೈಗಳು ತನ್ನನ್ನು ಮುಟ್ಟಿದ ನೆನಪೇ ಅವಳಿಗಿರಲಿಲ್ಲ. ಒರಿಂಕುಲ್‌ಗೆ ಅಳು ಬಂತು, ಖುಷಿಯೂ ಆಯಿತು, ಎರಡನ್ನೂ ಗಾಳಿಯ ಮೇಲೆ ಹಾಕಿ ಕಣ್ಣೊರೆಸಿಕೊಂಡಳು.

ತಾಸು ಕಳೆಯಿತು.

"ಇಪ್ಪತ್ತಮೂರು!" ಎರ್ಸಯಿನ್ ಕೂಗಿದ. "ಅಪ್ಕೆ, ಏಳನೇ ಸಾಲು ಇಪ್ಪತ್ತಮೂರು! ಸೋಮವಾರದಿಂದ ಬನ್ನಿ, ಕಾಯಂ!"

ಜನ ಚಪ್ಪಾಳೆ ತಟ್ಟಿದರು. ಒರಿಂಕುಲ್ ತಲೆಯೆತ್ತಿದಳು. "ಅಪಾ, ಕೈ ತೆಗೀರಿ, ಏಳ್ತೀನಿ."

"ಸುಮ್ನೆ ಬಿದ್ಕೊಳ್ಳೇ" ಎಂದಳು ಮುದುಕಿ. "ಇನ್ನೂ ಬೆಚ್ಚಗಾಗಿಲ್ಲ."

ಒರಿಂಕುಲ್ ಏಳಲಿಲ್ಲ.