ಅಮ್ಮನ ಪಾತ್ರ

ಯೋಗಾನಂದ ಚಾಮರಾಜಪೇಟೆಯ ತರಕಾರಿ ವ್ಯಾಪಾರಿಗಳ ಮನೆಯವನು. ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಿದ್ದ ತಾಯಿ ಮುತ್ಯಾಲಮ್ಮ ಅವನು ಚಿಕ್ಕವನಿದ್ದಾಗಲೇ ತೀರಿಕೊಂಡಳು. ಅವಳದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಮದುವೆಯಾಗದೆ, ಬೇರೆಯವರ ಸಿನಿಮಾಗಳಿಗೆ ಸಹಾಯಕನಾಗಿ ದುಡಿಯುತ್ತ ವಯಸ್ಸು ಕಳೆದ ಅವನು ಐವತ್ತರ ಹೊತ್ತಿಗೆ ಕೊನೆಗೂ ತನ್ನದೇ ಒಂದು ಸಿನಿಮಾ ಮಾಡಿದ. ಅದು ಅಮ್ಮನ ಕಥೆ.

ಅಮ್ಮನ ಪಾತ್ರಕ್ಕೆ ಮಲ್ಲೇಶ್ವರದ ನಾಟಕದ ಕಲಾವಿದೆ ಹರಿಣಾಕ್ಷಿ ಬಂದಳು. ಸೊಪ್ಪಿನ ಕಟ್ಟುಗಳಿಗೆ ನೀರು ಚಿಮುಕಿಸುವುದನ್ನು, ಸೆರಗು ಸೊಂಟಕ್ಕೆ ಸಿಕ್ಕಿಸಿ ಗಿರಾಕಿಗಳ ಜೊತೆ ಜಗಳವಾಡುವುದನ್ನು ಯೋಗಾನಂದ ತಾನೇ ಮಾಡಿ ತೋರಿಸಿದ. ಜ್ವರ ಬಂದ ಮಗನ ದೃಶ್ಯದಲ್ಲಿ ಮಾತ್ರ ಅವಳು ಅವನು ಹೇಳಿದಂತೆ ಹಣೆಯ ಮೇಲೆ ಅಂಗೈ ಇಡಲಿಲ್ಲ. ಬಾಗಿ ತನ್ನ ಕೆನ್ನೆಯನ್ನು ಒತ್ತಿದಳು. ಅಮ್ಮ ಮಾಡುತ್ತಿದ್ದುದೂ ಹಾಗೆಯೇ. ಅವನು ಅದನ್ನು ಮರೆತೇಬಿಟ್ಟಿದ್ದ. ಕಟ್ ಎನ್ನದೆ ನೋಡುತ್ತಲೇ ನಿಂತ, ಕ್ಯಾಮೆರಾದವನೇ ನಿಲ್ಲಿಸಿದ. ಅಂದಿನಿಂದ ಅವನು ಅವಳನ್ನು ಅಮ್ಮ ಎಂದೇ ಕರೆಯತೊಡಗಿದ. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಸಿನಿಮಾ ಮುಗಿದ ಮೇಲೂ ಭಾನುವಾರಗಳಂದು ಅವಳ ಮನೆಗೆ ಹೋಗುತ್ತಿದ್ದ. ಅವಳು ಕಾಫಿ ಕೊಡುತ್ತಿದ್ದಳು, ಗಂಡ ಪೇಪರ್ ಓದುತ್ತ ಕೂತಿರುತ್ತಿದ್ದ. ಒಂದು ಸಲ ಅವಳು ಗೇಟಿನವರೆಗೂ ಬಂದು ಮೆಲ್ಲಗೆ ಹೇಳಿದಳು:

“ಸರ್, ನಾನು ನಿಮಗಿಂತ ಚಿಕ್ಕೋಳು. ಹೆಸರು ಹಿಡ್ದೇ ಕರೀರಿ. ನಾಟಕ ಮುಗಿದ್ಮೇಲೆ ಬಣ್ಣ ಒರಸ್ಕೊಂಡು ಮನೆಗೆ ಬರೋಳು ನಾನು. ನೀವು ಅಮ್ಮ ಅಂದಾಗೆಲ್ಲ ಏನ್ಮಾಡ್ಬೇಕೋ ಗೊತ್ತಾಗಲ್ಲ.”

“ತಪ್ಪಾಯ್ತಮ್ಮ,” ಎಂದ ಯೋಗಾನಂದ. ಎಂದ ಮೇಲೆ ಅವನಿಗೇ ನಾಚಿಕೆಯಾಯಿತು. ಮತ್ತೆ ಆ ಕಡೆ ಹೋಗಲಿಲ್ಲ.

ಹೋಗದೆ ಮನೆಯಲ್ಲೇ ಉಳಿದಾಗ ಇನ್ನೊಂದು ಗೊತ್ತಾಯಿತು. ಅಮ್ಮನನ್ನು ನೆನೆದರೆ ಹರಿಣಾಕ್ಷಿಯ ಮುಖವೇ ಬರುತ್ತಿತ್ತು. ಮಸುಕಾಗಿಯಾದರೂ ಮೊದಲು ನೆನಪಿದ್ದ ಅಮ್ಮನ ಮುಖ ಎಷ್ಟು ತಡಕಿದರೂ ಸಿಗಲಿಲ್ಲ. ಗಾಬರಿಯಾಗಿ ಕಾಟನ್‌ಪೇಟೆಯಲ್ಲಿದ್ದ ಚಿಕ್ಕಮ್ಮ ಅಕ್ಕಯಮ್ಮನ ಹತ್ತಿರ ಹೋದ. ಅಮ್ಮನನ್ನು ಕಂಡವರಲ್ಲಿ ಉಳಿದಿದ್ದವಳು ಆ ತಂಗಿಯೊಬ್ಬಳೇ.

“ಚಿಕ್ಕಮ್ಮ, ಅಮ್ಮ ನೋಡೋಕೆ ಹೆಂಗಿದ್ಲು? ಕಣ್ಣು, ಮೂಗು... ಹೇಳು.”

ಅಕ್ಕಯಮ್ಮ ಅವರೆಕಾಯಿ ಬಿಡಿಸುತ್ತಲೇ ನಕ್ಕಳು. “ನೀನೇ ಪಿಕ್ಚರ್ ತೆಗ್ದಿದೀಯಲ್ಲೋ, ಥೇಟ್ ಹಂಗೇ ಇದ್ಲು. ಮೊಮ್ಮಗಳು ಫೋನಲ್ಲಿ ಹಾಕ್ಕೊಡ್ತಾಳೆ, ದಿನಾ ನೋಡ್ತೀನಿ.”

“ಅದಕ್ ಮುಂಚೆ? ಪಿಕ್ಚರ್ ಬರೋಕ್ ಮುಂಚೆ ನಿನ್ ಕಣ್ಣಿಗೆ ಹೆಂಗ್ ಕಾಣ್ತಿದ್ಲು?”

ಮುದುಕಿಯ ಕೈ ನಿಂತಿತು.

“ಹಂಗೇ ಕಣೋ... ಹಂಗೇ ಇದ್ಲು ಅನ್ಸತ್ತೆ,” ಎಂದಳು.

ಯೋಗಾನಂದ ಅವಳ ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸತೊಡಗಿದ.