ಗೊಳಸಂಗಿಗೆ ಬಂದ ರೇಸಿನ ಕುದುರೆ

ನನ್ನ ಷಡ್ಡಕ ಪುಣೆಯಿಂದ ರೇಸಿನ ಕುದುರೆ ತರುತ್ತಾನೆಂಬ ಸುದ್ದಿಯನ್ನು ನಾನು ಊಟಕ್ಕೆ ಕೂತಾಗ ಹೆಂಡತಿ ಹೇಳಿದಳು. ರೊಟ್ಟಿ ಮುರಿಯುತ್ತಿದ್ದ ಕೈ ಅಲ್ಲೇ ನಿಂತಿತು.

"ಯಾಕ್ರಿ, ಚಟ್ನಿ ಖಾರ ಆತೇನು?" ಎಂದಳು. ಕೈ ಯಾಕೆ ನಿಂತಿತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಷಡ್ಡಕನೆಂದರೆ ಅವಳ ತಂಗಿಯ ಗಂಡ. ಊರು ಗೊಳಸಂಗಿ. ಬಸವನ ಬಾಗೇವಾಡಿಯಲ್ಲಿ ಟ್ರ್ಯಾಕ್ಟರ್ ಮಾರುವ ಅಂಗಡಿ ಇಟ್ಟಿದ್ದಾನೆ. ವಯಸ್ಸೊಂದನ್ನು ಬಿಟ್ಟರೆ ಉಳಿದೆಲ್ಲದರಲ್ಲೂ ನನಗಿಂತ ದೊಡ್ಡವನು. ಅವನದು ಮಾಳಿಗೆ ಮೇಲೆ ಮಾಳಿಗೆ ಕಟ್ಟಿಸಿದ ಮನೆ, ಬಾಗಿಲಲ್ಲಿ ಕಾರು. ನಾನು ತಾಂಬಾದಿಂದ ಇಂಡಿ ಪಟ್ಟಣದ ಹೈಸ್ಕೂಲಿಗೆ ಮೋಟರ್‌ಸೈಕಲ್ ಮೇಲೆ ಹೋಗಿ ಗಣಿತ ಕಲಿಸುವ ಮಾಸ್ತರ. ಅತ್ತೆಯ ಮನೆಯಲ್ಲಿ ನಾಲ್ಕು ಜನ ಕೂಡಿದಾಗ ಅವನ ಮುಂದೆ ನಾನು ತಲೆಯೆತ್ತಿ ಮಾತಾಡಬಹುದಾಗಿದ್ದುದು ಕುದುರೆಯ ವಿಷಯ ಬಂದಾಗ ಮಾತ್ರ.

ನನ್ನ ತಂದೆ ಬೀಜದ ಕುದುರೆ ಸಾಕಿದ್ದರು. ಅವರು ಹೋದ ಮೇಲೂ ನಾನು ಅದನ್ನು ಬಿಡಲಿಲ್ಲ. ಈಗ ನಮ್ಮಲ್ಲಿರುವುದು ಭೀಮೆಯ ದಂಡೆಯ ಹಳೆಯ ತಳಿ. ಗಿಡ್ಡ ಮೈ, ಗಟ್ಟಿ ಕಾಲು, ಬೂದಿ ಬಣ್ಣ. ಬೇಸಿಗೆ ಹತ್ತಿರವಾಗುತ್ತಲೇ ಇಂಡಿ, ಸಿಂದಗಿ ಕಡೆಯವರು ಬೆದೆಗೆ ಬಂದ ಹೆಣ್ಣು ಕುದುರೆಗಳನ್ನು ನಮ್ಮ ಹೊಲಕ್ಕೆ ತರುತ್ತಿದ್ದರು. ಅವರಲ್ಲಿ ನನ್ನ ಮಾವನವರೂ ಒಬ್ಬರು. ಸಿಂದಗಿಯ ಹತ್ತಿರದ ಹಳ್ಳಿಯಲ್ಲಿ ಹೊಲ ಮನೆ ಇಟ್ಟುಕೊಂಡಿರುವ ಅವರಿಗೆ ಕುದುರೆ ಎಂದರೆ ಪ್ರಾಣ. ತಮ್ಮ ಹೆಣ್ಣು ಕುದುರೆಯನ್ನು ಟೆಂಪೋದಲ್ಲಿ ತಂದು, ಅದು ಗಬ್ಬ ಕಟ್ಟುವ ಭರವಸೆ ಬರುವ ತನಕ ನಮ್ಮಲ್ಲೇ ಇರುತ್ತಿದ್ದರು. ಬೇವಿನ ನೆರಳಲ್ಲಿ ಹೊರಸು ಹಾಕಿಸಿಕೊಂಡು ಕೂತು, "ಅಳಿಯಾರ, ಕುದುರಿ ಅಂದ್ರ ನಿಮ್ಮದು ನೋಡ್ರಿ" ಎನ್ನುತ್ತಿದ್ದರು. ಆ ಒಂದು ಮಾತು ನನಗೆ ಮುಂದಿನ ಬೇಸಿಗೆಯ ತನಕ ಸಾಕಾಗುತ್ತಿತ್ತು.

ಈಗ ಷಡ್ಡಕ ಅದಕ್ಕೂ ಕೈ ಹಾಕಿದ್ದ. ಮೇಲಾಗಿ ನನಗೇ ಫೋನು ಮಾಡಿದ.

"ಅಣ್ಣಾರ, ಟ್ರ್ಯಾಕ್ಟರ್ ಬಿಟ್ರ ನನಗೇನೂ ತಿಳಿಯಂಗಿಲ್ರಿ. ಲಾರಿ ಝಳಕಿಗೆ ಬಂದು ನಿಂದರತೈತಿ. ನೀವು ಅಲ್ಲಿಗೆ ಹೋಗಿ, ಕುದುರಿ ಆರಾಮ ಐತೋ ಇಲ್ಲೋ ಒಂದು ಸಲ ನೋಡ್ರಿ."

ನಾನು ಹೋದೆ. ಓಟ ಮುಗಿಸಿದ ಕುದುರೆ, ಎಲುಬಿನ ಗೂಡಾಗಿ ಬಂದಿರುತ್ತದೆ ಎಂಬ ಆಸೆ ಇಟ್ಟುಕೊಂಡೇ ಹೋದೆ.

ಹೆದ್ದಾರಿಯ ಢಾಬಾದ ಮುಂದೆ ಲಾರಿಯ ಹಿಂಬಾಗಿಲು ಇಳಿಸಿ ಅದನ್ನು ಕೆಳಗೆ ತಂದರು. ಕಾಸಿದ ಬೆಲ್ಲದ ಬಣ್ಣ. ಹಣೆಯಿಂದ ಮೂಗಿನ ತನಕ ಒಂದು ಬಿಳಿ ಗೆರೆ. ಬೆನ್ನು ನನ್ನ ಗದ್ದದ ಎತ್ತರಕ್ಕಿತ್ತು. ಅಷ್ಟು ದೂರ ಲಾರಿಯಲ್ಲಿ ನಿಂತು ಬಂದಿದ್ದರೂ ಕುತ್ತಿಗೆ ಬಗ್ಗಿರಲಿಲ್ಲ. ಢಾಬಾದವನು ತವೆಯ ಮೇಲಿನ ರೊಟ್ಟಿ ಬಿಟ್ಟು ಓಡಿ ಬಂದ. ಲಾರಿಗಳ ಚಾಲಕರು ಮೊಬೈಲ್ ಎತ್ತಿ ಹಿಡಿದರು. ಕುದುರೆ ಬಕೆಟ್ಟಿನ ನೀರು ಕುಡಿದು, ಬಾಯಿಂದ ಹನಿ ತೊಟ್ಟಿಕ್ಕುತ್ತಿರುವಾಗಲೇ ತಲೆಯೆತ್ತಿ ರಸ್ತೆಯ ಆ ತುದಿಯನ್ನು ನೋಡಿತು. ಅಲ್ಲಿ ನಾವ್ಯಾರೂ ಇಲ್ಲವೇ ಇಲ್ಲ ಎಂಬಂತೆ ನಿಂತಿತ್ತು.

ಹೊಟ್ಟೆಯಲ್ಲಿ ಕಿಚ್ಚು ಎಂದು ಸುಮ್ಮನೆ ಹೇಳುವುದಿಲ್ಲ. ನನಗೆ ನಿಜವಾಗಿ ಎದೆಯ ಕೆಳಗೆ ಬಿಸಿ ಹತ್ತಿತು.

ಅದರ ಜೊತೆ ಬಂದಿದ್ದ ಲಾಯದ ಆಳು ಮರಾಠಿಯವನು. ನನಗೂ ಮರಾಠಿ ಬರುತ್ತದೆಂದು ತಿಳಿದ ಮೇಲೆ ಚಹಾ ಕುಡಿಯುತ್ತ ಅದರ ಕಥೆ ಹೇಳಿದ. ಪುಣೆಯಲ್ಲಿ, ಮುಂಬೈಯಲ್ಲಿ ಒಳ್ಳೆಯ ಓಟಗಳನ್ನು ಗೆದ್ದ ಕುದುರೆಯಂತೆ. ಮುಂಗಾಲಿನ ನರಕ್ಕೆ ಪೆಟ್ಟಾಯಿತು. ವಾಸಿಯಾಯಿತೆಂದು ಓಡಿಸಿದರೆ ಮತ್ತೆ ಅದೇ ಜಾಗದಲ್ಲಿ ಹರಿಯಿತು. ಅಲ್ಲಿಗೆ ಓಟ ಮುಗಿಯಿತು. ಒಡೆಯ ಅದನ್ನು ದೊಡ್ಡ ಫಾರ್ಮಿಗೆ ಬೀಜದ ಕುದುರೆಯಾಗಿ ಕಳಿಸಬೇಕೆಂದು ಬಹಳ ಓಡಾಡಿದ. ಆದರೆ ಅಲ್ಲಿ ಗೆದ್ದರೆ ಸಾಲದು, ವಂಶವೂ ಬೇಕು. ಇದರ ತಂದೆಗೆ ಹುಟ್ಟಿದ ಬೇರೆ ಮರಿಗಳು ಹೆಸರು ಮಾಡಿರಲಿಲ್ಲ, ತಾಯಿಯ ಕಡೆಯೂ ಹೇಳಿಕೊಳ್ಳುವಂಥವರಿರಲಿಲ್ಲ. ಹೊರದೇಶದಿಂದ ತಂದ ಕುದುರೆಗಳ ಸಾಲಿನಲ್ಲಿ ಇದಕ್ಕೆ ಜಾಗ ಸಿಗಲಿಲ್ಲ. ಆ ಒಡೆಯ ನನ್ನ ಷಡ್ಡಕನಿಗೆ ವ್ಯಾಪಾರದಲ್ಲಿ ಪರಿಚಯದವನು. ಹೀಗೆ ಅದು ನಮ್ಮ ಕಡೆಗೆ ಬಂತು. ನಮ್ಮ ನಾಡಿನ ಹೆಣ್ಣು ಕುದುರೆಗಳಿಗೆ ಅದರಿಂದ ಹುಟ್ಟಿದ ಮರಿಗಳು ಪುಣೆಯ ಓಟಕ್ಕೆ ಸೇರಲಾರವು ನಿಜ. ಆದರೆ ಸವಾರಿಗೆ, ಗಾಡಿ ಓಟದ ಶರ್ಯತ್ತಿಗೆ ಎತ್ತರದ ಮರಿ ಬೇಕೆನ್ನುವವರು ಇಲ್ಲಿ ಬೇಕಾದಷ್ಟಿದ್ದಾರೆ.

ಇಷ್ಟು ಚಂದದ ಕುದುರೆಯನ್ನೂ ಯಾರೋ ಬೇಡವೆಂದಿದ್ದಾರೆ ಎಂದು ಕೇಳಿ ನನಗೆ ಸ್ವಲ್ಪ ಸಮಾಧಾನವಾಯಿತು. ಆ ಸಮಾಧಾನ ಗೊಳಸಂಗಿಯ ತನಕವೂ ಉಳಿಯಲಿಲ್ಲ. ಅಲ್ಲಿ ಮಾವನವರು ಆಗಲೇ ಬಂದು ರುಮಾಲು ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ಕುದುರೆ ಇಳಿದೊಡನೆ ಅದರ ಸುತ್ತ ತಿರುಗಿದರು. ಮಾತೇ ಆಡಲಿಲ್ಲ. ನನ್ನ ಕುದುರೆಯ ಮುಂದೆ ಅವರು ಎಂದೂ ಹಾಗೆ ಮೂಕರಾಗಿರಲಿಲ್ಲ.

"ಮುಂಗಾಲು ನೋಡ್ರಿ ಮಾವಾರ, ಊದೇತಿ" ಎಂದೆ.

ಅವರು ಬಗ್ಗಿ ಕಾಲು ಸವರಿದರು. "ಓಡಿ ಓಡಿ ಊದೇತಿ. ಮನ್ಯಾಗ ನಿಂತ ಕುದುರಿಗೆ ಕಾಲು ಎಲ್ಲಿಂದ ಊದಬೇಕ್ರಿ ಅಳಿಯಾರ?" ಎಂದವರು ಷಡ್ಡಕನ ಕಡೆ ತಿರುಗಿ, "ಈ ಸಲ ನಮ್ಮ ಹೆಣ್ಣಗುದರಿ ಇಲ್ಲಿಗೇ ತರತೇನಿ" ಎಂದುಬಿಟ್ಟರು.

ಹೋಳಿ ಕಳೆಯಿತು. ನಮ್ಮ ಹೊಲಕ್ಕೆ ಯಾರೂ ಬರಲಿಲ್ಲ. ನನ್ನ ಬೂದಿ ಕುದುರೆ ದಿನವೂ ಬೇಲಿಯ ಹತ್ತಿರ ನಿಂತು ರಸ್ತೆಯ ಕಡೆ ಕಿವಿ ನಿಮಿರಿಸುತ್ತಿತ್ತು. ಒಂದು ಬೆಳಿಗ್ಗೆ ಟೆಂಪೋ ಬಂದು ನಿಂತಾಗ ನಾನು ಓಡಿದೆ. ಇಂಡಿ ಕಡೆಯ ಹಳೆಯ ಗಿರಾಕಿ. ಹಿಂದೆ ಅವನ ಹೆಣ್ಣು ಕುದುರೆ. ಅವನು ಇಳಿಯಲಿಲ್ಲ. ಕಿಟಕಿಯಿಂದ ತಲೆ ಹಾಕಿ, "ಸರ್, ಗೊಳಸಂಗಿಗೆ ಯಾವ ದಾರಿ ಹತ್ತರ ಆಗತೈತ್ರಿ?" ಎಂದು ಕೇಳಿದ. ನಾನು ದಾರಿ ಹೇಳಿದೆ. ಸರಿಯಾದ ದಾರಿಯನ್ನೇ ಹೇಳಿದೆ. ಆಮೇಲೆ ಸಾಲೆಗೆ ಹೋಗಿ ಮಕ್ಕಳಿಗೆ ಕಾರಣವಿಲ್ಲದೆ ಪರೀಕ್ಷೆ ಕೊಟ್ಟೆ.

ಸ್ವಲ್ಪ ದಿನಕ್ಕೆ ಷಡ್ಡಕನ ಫೋನು ಬಂತು. ದನಿ ಸಣ್ಣದಾಗಿತ್ತು.

"ಅಣ್ಣಾರ, ಕುದುರಿ ಹೆಣ್ಣಿನ ಕಡೆ ನೋಡವಲ್ಲದ್ರಿ. ಹತ್ತರ ಒಯ್ದ್ರ ತಲಿ ಕೆಳಗ ಹಾಕಿ ನಿಂದರತೈತಿ. ಮುದ್ದೇಬಿಹಾಳದವರು ಬಂದು ಹಂಗ ಹೊಳ್ಳಿ ಹೋದ್ರು. ಮಾವಾರ ಹೆಣ್ಣಗುದರಿನೂ ಹಂಗ ನಿಂತೈತಿ. ನೀವ ಬರಬೇಕ್ರಿ."

ತಾಂಬಾದಿಂದ ಗೊಳಸಂಗಿಯ ತನಕ ನಾನು ಸಿಳ್ಳೆ ಹಾಕುತ್ತ ಗಾಡಿ ಓಡಿಸಿದೆ. ಅಂಥ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಹೋಗಿ ನೋಡಿದರೆ, ಮಾವನವರ ಹೆಣ್ಣು ಕುದುರೆಯ ಸುತ್ತ ಜಾತ್ರೆ ನೆರೆದಂತೆ ಜನ. ಆ ರೇಸಿನ ಕುದುರೆಯನ್ನು ಪುಣೆಯಿಂದ ಜೊತೆಗೆ ಬಂದಿದ್ದ ಲಾಯದ ಆಳೇ ಸರಪಳಿ ಹಿಡಿದು ತಂದ. ಹೆಣ್ಣಿನ ವಾಸನೆಗೆ ಅದು ಒಮ್ಮೆ ಮೂತಿ ಎತ್ತಿತು. ಅಷ್ಟರಲ್ಲಿ ಆಳು ರೂಢಿಯಂತೆ "ಏಯ್" ಎಂದು ಸರಪಳಿ ಜಗ್ಗಿದ. ಕುದುರೆ ತಪ್ಪು ಮಾಡಿದ ಹಾಗೆ ತಲೆ ತಗ್ಗಿಸಿತು. ನನಗೆ ತಿಳಿದುಹೋಯಿತು. ಓಟದ ಲಾಯದಲ್ಲಿದ್ದಷ್ಟು ವರ್ಷ ಹೆಣ್ಣಿನ ಕಡೆ ತಲೆ ತಿರುಗಿಸಿದಾಗಲೆಲ್ಲ ಅದು ಗದರಿಸಿಕೊಂಡಿದೆ. ಈಗ ಏಕಾಏಕಿ ಅದನ್ನೇ ಮಾಡು ಎಂದರೆ ಹೇಗೆ ಮಾಡೀತು?

ಆ ಕ್ಷಣ ನನ್ನ ಕಣ್ಣಿಗೆ ಅದು ರಾಜನಂತೆ ಕಾಣಲಿಲ್ಲ. ಪಾಪ ಎನಿಸಿತು. ಆದರೆ ನಾನು ಬಾಯಿ ತೆರೆದದ್ದು ಬರೀ ಕರುಣೆಯಿಂದಲ್ಲ. ಮಾವನವರು ಅಲ್ಲೇ ಕೂತಿದ್ದರು. ಅವರಿಗೆ ಕೇಳಿಸಲಿ ಎಂದು ದೊಡ್ಡದಾಗಿಯೇ ಹೇಳಿದೆ. ಜನರನ್ನು ಕಳಿಸಿ. ಸರಪಳಿ ಬಿಚ್ಚಿ ಮೆತ್ತನೆಯ ಹಗ್ಗ ಹಾಕಿ. ಎರಡನ್ನೂ ನಡುವೆ ಬೇಲಿ ಇಟ್ಟು ಅಕ್ಕಪಕ್ಕ ಮೇಯಲು ಬಿಡಿ. ಕೂಗಿದರೆ ಕೂಗಲಿ, ಯಾರೂ ಗದರಬೇಡಿ.

ವಾರ ಕಳೆಯುವುದರೊಳಗೆ ಕುದುರೆ ಬೇಲಿಯ ಮೇಲೆ ಕುತ್ತಿಗೆ ಚಾಚಿ ಕೆನೆಯತೊಡಗಿತು. ಆಮೇಲೆ ಎಲ್ಲವೂ ಸರಿಹೋಯಿತು. ಸುದ್ದಿ ಹೇಳಲು ಮಾವನವರೇ ಫೋನು ಮಾಡಿದರು. "ಏನ ಹೇಳ್ರಿ ಅಳಿಯಾರ, ಸಣ್ಣ ಅಳಿಯ ಭಾರಿ ಚುರುಕ ಇದಾನ. ಕುದುರಿ ವಿದ್ಯಾ ಎಷ್ಟು ಲಗೂನ ಕಲತಾ ನೋಡ್ರಿ!"

ನಾನು "ಹೌದ್ರಿ" ಎಂದೆ.

ಮರು ವರ್ಷ ಹೋಳಿ ಕಳೆದ ಮೇಲೆ ಮಾವನವರ ಮನೆಯಲ್ಲಿ ಹೆಣ್ಣು ಮರಿ ಹುಟ್ಟಿತು. ಎಲ್ಲರನ್ನೂ ಕರೆದಿದ್ದರು. ಹೆಂಡತಿಯ ತಂಗಿ ತಾನೇ ಹಡೆದಷ್ಟು ಹಿಗ್ಗಿನಿಂದ ಪೇಢೆ ಹಂಚುತ್ತಿದ್ದಳು. ಮರಿಗೆ ಏನಾದರೂ ಕೊರತೆ ಕಾಣುತ್ತದೆಯೇ ಎಂದು ನಾನು ಕಿವಿಯಿಂದ ಗೊರಸಿನ ತನಕ ಹುಡುಕಿದೆ. ಏನೂ ಸಿಗಲಿಲ್ಲ. ಅದೇ ಬೆಲ್ಲದ ಬಣ್ಣ, ಅವೇ ಉದ್ದ ಕಾಲು. ಅದು ತಡವರಿಸುತ್ತ ಬಂದು ನನ್ನ ಧೋತರದ ಚುಂಗು ಚೀಪಿತು. ನನಗೆ ಅದು ಬಹಳ ಇಷ್ಟವಾಯಿತು. ಇಷ್ಟವಾಯಿತಲ್ಲ ಎಂದು ಸಿಟ್ಟೂ ಬಂತು.

ಮನೆಗೆ ಬರುವಾಗ ಮೋಟರ್‌ಸೈಕಲ್ ಹಿಂದೆ ಕೂತಿದ್ದ ಹೆಂಡತಿ ನನ್ನ ಬೆನ್ನು ತಟ್ಟಿದಳು. "ನಮ್ಮ ಕುದುರಿ ಮ್ಯಾಲ ಕೂತು ನಾನು ಹೊಲದ ತನಕ ಹೋಗಿ ಬರತೇನಿ. ಆ ರೇಸಿನ ಕುದುರಿ ಮ್ಯಾಲ ಕೂತ್ರ ನನ್ನ ತಂಗಿ ಸೀದಾ ದವಾಖಾನಿಗೆ ಹೋಗತಾಳ. ಸಾಕ ಮಾಡ್ರಿ ಇನ್ನ."

ಆದರೆ ಗೊಳಸಂಗಿಯಲ್ಲಿ ಕುದುರೆ ಸುಖವಾಗಿರಲಿಲ್ಲ. ಬೆದೆಯ ಕಾಲ ಮುಗಿದ ಮೇಲೆ ಅದಕ್ಕೆ ಕೆಲಸವಿಲ್ಲ, ತಿರುಗಾಡಲು ಜಾಗವಿಲ್ಲ. ತಗಡಿನ ಲಾಯದಲ್ಲಿ ನಿಂತಲ್ಲೇ ಎಡಕ್ಕೂ ಬಲಕ್ಕೂ ತೂಗಾಡುತ್ತಿತ್ತು. ಮುದ್ದೇಬಿಹಾಳದ ಕಡೆ, ಕೃಷ್ಣೆಯ ನೀರು ಹತ್ತಿರವಿರುವ ಜಾಗದಲ್ಲಿ ದೊಡ್ಡ ಹುಲ್ಲುಗಾವಲು ಇಟ್ಟುಕೊಂಡವನೊಬ್ಬ, ತನ್ನಲ್ಲಿ ಹೆಣ್ಣು ಕುದುರೆಗಳ ಹಿಂಡೇ ಇದೆ, ಕೊಡಿ ಎಂದು ಕೇಳಿದ. ಷಡ್ಡಕ ಒಪ್ಪಲಿಲ್ಲ. ಕಡೆಗೆ ಮಾವನವರು, "ನಿನಗ ಕುದುರಿ ಮ್ಯಾಲ ಪ್ರೀತಿ ಇದ್ರ ಕಳಸು. ಬರೀ ನಿನ್ನ ಮ್ಯಾಲ ಪ್ರೀತಿ ಇದ್ರ ಇಟಗೋ" ಎಂದರು. ಅವನು ಕಳಿಸಿದ.

ಲಾರಿ ಹೋದ ದಿನ ನಾನೂ ಅಲ್ಲಿದ್ದೆ. ಷಡ್ಡಕ ಎಲ್ಲರೆದುರೇ ಅತ್ತ. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ.

ಕೆಲವು ತಿಂಗಳ ಮೇಲೆ ಇಬ್ಬರೂ ಅವನ ಕಾರಿನಲ್ಲಿ ನೋಡಲು ಹೋದೆವು. ಕುದುರೆ ಮೊಣಕಾಲೆತ್ತರದ ಕುದುರೆಮೆಂತ್ಯೆ ಮೇವಿನ ಹೊಲದ ಬದುವಿನಲ್ಲಿ ಓಡಾಡಿಕೊಂಡಿತ್ತು. ಮೈ ತುಂಬಿತ್ತು, ತೂಗಾಡುವುದು ನಿಂತಿತ್ತು. ಷಡ್ಡಕ ಬಾಯಿಗೆ ಕೈಯಿಟ್ಟು ಕರೆದ. ಅದು ಒಮ್ಮೆ ಕಿವಿ ತಿರುಗಿಸಿ, ತನ್ನ ಹೆಣ್ಣು ಕುದುರೆಗಳ ಕಡೆ ನಡೆದುಹೋಯಿತು. ಅಲ್ಲಿನ ಒಡೆಯ ನಮಗೆ ಮಜ್ಜಿಗೆ ಕೊಡುತ್ತ "ನಮ್ಮ ಕುದುರಿ, ನಮ್ಮ ಕುದುರಿ" ಎಂದು ಹೇಳಿದ್ದನ್ನೇ ಹೇಳಿದ.

ತಿರುಗಿ ಬರುವಾಗ ಬಾಗೇವಾಡಿಯಲ್ಲಿ ಚಹಾಕ್ಕೆ ನಿಂತೆವು. ಷಡ್ಡಕ ಬಟ್ಟಲು ಎತ್ತಿಕೊಂಡು, "ಅಣ್ಣಾರ, ಹೊಟ್ಟಿ ಉರಿಯಾಕತ್ತೈತ್ರಿ. ಇದು ಎಷ್ಟು ದಿವಸ ಇರತೈತ್ರಿ?" ಎಂದ.

"ನನಗ ನಿನ್ನ ಕುದುರಿ ಬಂದಾಗಿಂದ ಐತಿ. ಇನ್ನೂ ಹೋಗಿಲ್ಲ" ಎಂದೆ.

ಅವನು ನಗುತ್ತಾನೆಂದುಕೊಂಡಿದ್ದೆ. ನಗಲಿಲ್ಲ. ಬಟ್ಟಲನ್ನು ಕೆಳಗಿಟ್ಟ.

"ನನಗ ಅದಕ್ಕಿಂತ ಮೊದಲಿಂದ ಇತ್ರಿ. ಮಾವಾರು ನಮ್ಮನಿಗೆ ಬಂದ್ರ ಚಾ ಕುಡದು ಏಳತಿದ್ರು. ಎಂಥಾ ಮನಿ ಕಟ್ಟಿಸಿದ್ರೂ ಒಂದು ದಿವಸ ಉಳೀಲಿಲ್ಲ. ನಿಮ್ಮಲ್ಲಿ ಹೊರಸ ಹಾಕ್ಕೊಂಡು ವಾರಗಟ್ಟಲೆ ಇರತಿದ್ರು. ಇಲ್ಲಾಂದ್ರ ಟ್ರ್ಯಾಕ್ಟರ್ ಮಾರಾಂವಗ ಕುದುರಿ ಯಾಕ ಬೇಕಿತ್ರಿ?"

ನಾನು ಚಹಾ ಕುಡಿಯುವುದನ್ನು ಮರೆತು ಅವನ ಮುಖ ನೋಡಿದೆ. ಎರಡು ಮಾಳಿಗೆಯ ಮನೆಯವನು ನನ್ನ ಬೇವಿನ ನೆರಳಿನ ಮೇಲೆ ಕಣ್ಣಿಟ್ಟಿದ್ದನೆಂದು ನನಗೆ ಎಂದೂ ಹೊಳೆದಿರಲಿಲ್ಲ. ಮೊದಲು ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಅವನ ಹೆಗಲ ಮೇಲೆ ಕೈಯಿಟ್ಟೆ. ಇನ್ನೊಂದು ಚಹಾ ಹೇಳಿ, ಇಬ್ಬರೂ ಸೇರಿ ಮುದ್ದೇಬಿಹಾಳದವನನ್ನು ಮನಸಾರೆ ಬೈದೆವು. ಅವನ ಮಜ್ಜಿಗೆಗೆ ಉಪ್ಪೇ ಇರಲಿಲ್ಲ ಎಂದ ಅವನು. ಬೇಲಿ ಸರಿಯಿಲ್ಲ ಎಂದೆ ನಾನು. ಬೇಲಿ ಬಹಳ ಚೆನ್ನಾಗಿತ್ತು.

ಈ ಹೋಳಿಗೆ ಮಾವನವರು ತಮ್ಮ ಹೆಣ್ಣು ಕುದುರೆಯನ್ನು ಮುದ್ದೇಬಿಹಾಳಕ್ಕೆ ಒಯ್ಯುತ್ತೇನೆ, ಅಳಿಯಂದಿರಿಬ್ಬರೂ ಜೊತೆಗೆ ಬನ್ನಿ ಎಂದು ಹೇಳಿ ಕಳಿಸಿದರು. ನನಗೆ ಸಾಲೆ ಇದೆ ಎಂದೆ. ಅವನು ಅಂಗಡಿ ಬಿಟ್ಟು ಬರಲಾಗದು ಎಂದ. ಅವರು ಹೊರಟದ್ದು ಭಾನುವಾರ.