ಹೊಂಗೆಎಣ್ಣೆಯ ಬಟ್ಟೆ

ಸಾವಿರದ ಒಂಬೈನೂರ ನಲವತ್ತರ ಆಸುಪಾಸಿನ ಆ ದಿನಗಳಲ್ಲಿ, ಕುಂದಾಣದ ಕಡೆಯ ನಮ್ಮಂಥ ಮನೆಗಳಲ್ಲಿ ಮನುಷ್ಯರಿಗೆ ಜ್ವರ ಬಂದರೆ ಕಷಾಯ ಕಾಯಿಸುತ್ತಿದ್ದರು. ದನಕ್ಕೆ ಬಂದರೆ ಮನೆಯಲ್ಲಿ ಮಾತೇ ನಿಂತುಹೋಗುತ್ತಿತ್ತು.

ಕಣದಲ್ಲಿ ರಾಗಿ ಹರಡಿತ್ತು, ಮನೆಯೆಲ್ಲ ಅವರೆಕಾಯಿಯ ಸೊಗಡು. ನಾವು ಹುಡುಗಿಯರು ಕಣದಂಚಿನಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಾಗ, ರಾಗಿ ಒಕ್ಕುವ ಕಲ್ಲುಗುಂಡು ಎಳೆಯುತ್ತಿದ್ದ ನಮ್ಮ ಎತ್ತೂ ಒಂದು ಕಾಲೆತ್ತಿ ಕುಂಟಿತು.

"ನೋಡ್ರೇ, ಅದೂ ಆಡ್ತೈತೆ!" ಎಂದು ನಕ್ಕೆ.

ಅಪ್ಪ ನಗಲಿಲ್ಲ. ಎತ್ತಿನ ಬಾಯಿಂದ ಜೊಲ್ಲು ನೂಲಿನಂತೆ ಇಳಿಯುತ್ತಿತ್ತು, ಗೊರಸಿನ ಸಂದಿನಲ್ಲಿ ಹುಣ್ಣು. ವಾರದೊಳಗೆ ಅರ್ಧ ಊರಿನ ದನ ಕುಂಟಿದವು.

ಕಾಲುಬಾಯಿ ಜ್ವರ ಎಂದು ಯಾರೂ ಗಟ್ಟಿಯಾಗಿ ಹೇಳಲಿಲ್ಲ. "ಅಮ್ಮ ಬಂದವ್ಳೆ" ಎಂದಷ್ಟೇ ಪಿಸುಗುಟ್ಟಿದರು. ದನಗಳನ್ನು ಕೆರೆಯಂಚಿನ ಕೆಸರಿನಲ್ಲಿ ನಿಲ್ಲಿಸಿದರು. ಅಪ್ಪ ಹಳೇ ಪಂಚೆಯ ತುಂಡನ್ನು ಹೊಂಗೆಎಣ್ಣೆಯಲ್ಲಿ ಅದ್ದಿ ಹುಣ್ಣು ಒರೆಸುತ್ತಿದ್ದ. ಮಂಗಳವಾರ ಮಾರಿಯನ್ನು ಗಡಿ ದಾಟಿಸುವುದೆಂದು ಹಿರಿಯರು ತೀರ್ಮಾನಿಸಿದರು. ಮೊರದಲ್ಲಿ ಬೇವು, ಅರಿಸಿನದ ಅನ್ನ ಇಟ್ಟು ಪಕ್ಕದೂರಿನ ಎಲ್ಲೆಯಲ್ಲಿ ಬಿಟ್ಟು, ತಿರುಗಿ ನೋಡದೆ ಬರಬೇಕು.

ಆ ಪಕ್ಕದೂರಿನಲ್ಲೇ ನನ್ನಕ್ಕ ಇದ್ದಳು. ಮದುವೆಯಲ್ಲಿ ಅಪ್ಪ ಕೊಟ್ಟಿದ್ದ ಹಸು ಆಗಷ್ಟೇ ಕರು ಹಾಕಿತ್ತು. ಅತ್ತೆಮನೆಯಲ್ಲಿ ಅಕ್ಕನಿಗೆ ಬೆಲೆ ಇದ್ದದ್ದೇ ಆ ಹಸುವಿನ ಹಾಲಿನಿಂದ.

"ಮಾರಿ ಅಲ್ಲಿಗೆ ಹೋಗೋಕ್ಮುಂಚೆ ನಾವೇ ಹೋಗಿ ಬಂದ್ಬಿಡಾನ, ಬಾರವ್ವ," ಎಂದ ಅಪ್ಪ, ಸೋಮವಾರ ಬೆಳಿಗ್ಗೆ ಎಣ್ಣೆಯ ಕುಡಿಕೆಯನ್ನೂ ಅದೇ ಬಟ್ಟೆಯನ್ನೂ ನನ್ನ ಕೈಗೆ ಕೊಟ್ಟ. ಕೊಟ್ಟಿಗೆಯಿಂದ ನೇರ ಹೊರಟೆವು.

ಅಕ್ಕ ಹಸುವನ್ನು ಹಿಡಿದುಕೊಂಡಳು. ಅಪ್ಪ ನಾಲ್ಕೂ ಗೊರಸಿನ ಸಂದು ಒರೆಸಿದ. ಕರುವಿನದನ್ನು ಒರೆಸಿದವಳು ನಾನು. ಅದು ನನ್ನ ಬೆರಳು ಚೀಪಿತು.

"ಇನ್ನೇನೂ ಆಗಾಕಿಲ್ಲ ಬಿಡು ಮಗಾ," ಎಂದ ಅಪ್ಪ. ಅಕ್ಕ ನಗುತ್ತಾ ನಮಗೆ ಗಿಣ್ಣು ಕೊಟ್ಟಳು.

ಮುಂದಿನ ವಾರ ಆ ಹಸು ಕುಂಟಿತು. ಕರು ಸತ್ತಿತು, ಹಾಲು ಬತ್ತಿತು. "ತವರಿನೋರೇ ಮಾರಿ ಕಳ್ಸವ್ರೆ," ಎಂದು ಅಕ್ಕನ ಅತ್ತೆ ಅವಳನ್ನು ನಮ್ಮೂರಿಗೆ ಕಳಿಸುವುದನ್ನೇ ನಿಲ್ಲಿಸಿಬಿಟ್ಟಳು. ಎಷ್ಟೋ ಯುಗಾದಿ, ಗೌರಿಹಬ್ಬ ಅವಳಿಲ್ಲದೆ ಕಳೆದವು. ಮೊರ ಹೊತ್ತವರನ್ನು ಅಪ್ಪ ಸಾಯುವವರೆಗೂ ಶಪಿಸಿದ.

ಈಗ ನನ್ನ ಮಗನ ಕೊಟ್ಟಿಗೆಗೆ ಡಾಕ್ಟರು ಬಂದು ದನಗಳಿಗೆ ಲಸಿಕೆ ಹಾಕುತ್ತಾರೆ. ಒಂದು ಸಲ ಒಳಗೆ ಕಾಲಿಡುವ ಮುಂಚೆ ಬೂಟು ತೊಳೆದರು. ಯಾಕಪ್ಪಾ ಎಂದು ಕೇಳಿದೆ.

"ಈ ಕಾಯಿಲೆ ನಮ್ಮ ಕಾಲಲ್ಲಿ, ಬಟ್ಟೇಲಿ ಬಂದ್ಬಿಡುತ್ತೆ ಅಜ್ಜಿ," ಎಂದರು.

ಅಂದು ಆ ಬಟ್ಟೆ ಹೊತ್ತೊಯ್ದದ್ದು ನನ್ನ ಕೈಯೇ. ಅಕ್ಕನಿಗೆ ಹೇಳಿಬಿಡೋಣವೆಂದು ಎರಡು ಸಲ ಅವಳೂರಿಗೆ ಹೋದೆ, ಎರಡು ಸಲವೂ ಹೇಳದೆ ಬಂದೆ. ತನ್ನ ಹಸುವನ್ನು ಉಳಿಸಲು ಅಪ್ಪ ಬೆಳಿಗ್ಗೆ ಎದ್ದು ನಡೆದುಬಂದದ್ದನ್ನು ಅವಳು ಮೊಮ್ಮಕ್ಕಳಿಗೆ ಹೇಳುತ್ತಿರುತ್ತಾಳೆ. ತವರಿನದೆಂದು ಅವಳಿಗೆ ಉಳಿದಿರುವುದು ಅದೊಂದೇ.